ಒಂದು ಸಾಲು, ಆರು ಲಕ್ಷ ಸಾಲು

“ಸರ್, ಇಲ್ಲಿ ಒಂದೇ ಸಾಲು ಸಿಗುತ್ತೆ ಅಂತಿದೆ. ಸಿಕ್ಕಿರೋದು ಆರು ಲಕ್ಷ. ಯಾಕೆ ಸರ್?”

ಬುಧವಾರ ಮೈಸೂರಿನ ಹೆಬ್ಬಾಳದ ನಮ್ಮ ಆಫೀಸಿನಲ್ಲಿ ಕೇಳಿದ ಈ ಪ್ರಶ್ನೆ ಇನ್ನೂ ಕಿವಿಯಲ್ಲೇ ಇದೆ. ಕೇಳಿದವಳು ಮಂಡ್ಯದಿಂದ ದಿನಾ ರೈಲಿನಲ್ಲಿ ಬಂದು ಹೋಗುವ ಹುಡುಗಿ. ಕೆಲಸಕ್ಕೆ ಸೇರಿ ವರ್ಷವೂ ಆಗಿಲ್ಲ.

ಸೀರೆ ನೋಡುವವರಿಗೆ ‘ಇವೂ ಇಷ್ಟವಾಗಬಹುದು’ ಎಂದು ತೋರಿಸುವ ನಮ್ಮ ರೆಕಮಂಡೇಶನ್ ಎಂಜಿನ್ ಕೆಲ ದಿನಗಳಿಂದ ಕುಂಟುತ್ತಿತ್ತು. ರಾತ್ರಿ ನಿಮಿಷಗಳಲ್ಲಿ ಮುಗಿಯಬೇಕಾದ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಬೆಳಗಿನ ಜಾವದವರೆಗೂ ಓಡುತ್ತಿತ್ತು. ಮೀಟಿಂಗಿನಲ್ಲಿ ಎಲ್ಲರದ್ದೂ ಒಂದೇ ಮಾತು: ದೊಡ್ಡ ಸರ್ವರ್ ತಗೊಳ್ಳೋಣ, ರ‍್ಯಾಮ್ ಹೆಚ್ಚಿಸೋಣ. ಬೆಂಗಳೂರಿನಿಂದ ಕಾಲ್‌ನಲ್ಲಿದ್ದವರಂತೂ ಆಗಲೇ ತಿಂಗಳ ಖರ್ಚಿನ ಲೆಕ್ಕಕ್ಕೆ ಇಳಿದಿದ್ದರು. ಅದರ ನಡುವೆ ಇವಳ ಪ್ರಶ್ನೆ. “ಅದು ಬರೀ ಎಸ್ಟಿಮೇಟಮ್ಮಾ, ಬಿಡು” ಅಂದರು ನಮ್ಮ ಲೀಡ್. ಕೆಟ್ಟ ಮನುಷ್ಯರಲ್ಲ, ಎಷ್ಟು ಹೊತ್ತಿನಲ್ಲಿ ಫೋನ್ ಮಾಡಿದರೂ ಎತ್ತುತ್ತಾರೆ. ಆದರೆ ಪ್ರಶ್ನೆ ಯಾರ ಬಾಯಿಂದ ಬಂತೆಂದು ನೋಡಿ ತೂಕ ಹಾಕುವ ಅಭ್ಯಾಸ ಅವರಿಗಿದೆ.

ಅವಳು ಬಿಡಲಿಲ್ಲ. ಎಕ್ಸ್‌ಪ್ಲೇನ್ ಅನಲೈಸ್ ಕಮಾಂಡ್ ಕೊಟ್ಟ ಪ್ಲಾನನ್ನು (ಕ್ವೆರಿ ಓಡಿದ ದಾರಿ, ಸಾಲುಗಳ ಅಂದಾಜು ಮತ್ತು ನಿಜವಾದ ಲೆಕ್ಕ ಇರುವ ಪಟ್ಟಿ) ಪ್ರಿಂಟ್ ತೆಗೆದು, ಎರಡು ಅಂಕಿಗಳ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ತಂದಿದ್ದಳು. ಮತ್ತೆ ಅದೇ: “ಯಾಕೆ ಸರ್?”

ರೋಗದ ಮೂಲ ಇದ್ದದ್ದೇ ಆ ಎಸ್ಟಿಮೇಟಿನಲ್ಲಿ. ಪೋಸ್ಟ್‌ಗ್ರೆಸ್ ಎಂಬ ನಮ್ಮ ಡೇಟಾಬೇಸ್ ಕ್ವೆರಿ ಓಡಿಸುವ ಮೊದಲು, ತನ್ನ ಬಳಿ ಇರುವ ಅಂಕಿಅಂಶ ನೋಡಿ ಎಷ್ಟು ಸಾಲು ಸಿಗಬಹುದೆಂದು ಅಂದಾಜಿಸುತ್ತದೆ. ದಾರಿ ಆರಿಸುವುದು ಆ ಅಂದಾಜಿನ ಮೇಲೆ. ನಮ್ಮ ಟೇಬಲ್‌ನಲ್ಲಿ 4 ಕೋಟಿ ಸಾಲು, ಹೊಸದಾಗಿ ತುಂಬಿದ ಬ್ಯಾಚ್ 6 ಲಕ್ಷ. ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ, ಟೇಬಲ್ ಸುಮಾರು ಶೇ. 10ರಷ್ಟು ಬದಲಾಗುವವರೆಗೆ ಹಿನ್ನೆಲೆಯಲ್ಲಿ ತಾನೇ ಓಡುವ ಆಟೋವ್ಯಾಕ್ಯೂಮ್ ಅಂಕಿಅಂಶ ಹೊಸದು ಮಾಡುವುದಿಲ್ಲ. ನಮಗದು 40 ಲಕ್ಷ ಸಾಲು. ಹಾಗಾಗಿ ಹೊಸ ಬ್ಯಾಚ್‌ನ ನಂಬರ್ ಡೇಟಾಬೇಸಿನ ಲೆಕ್ಕದಲ್ಲೇ ಇರಲಿಲ್ಲ. ಒಂದೇ ಸಾಲು ತಾನೇ ಎಂದು, ಪ್ರತಿ ಸಾಲಿಗೂ ಇನ್ನೊಂದು ಕಡೆ ಹೋಗಿ ಹುಡುಕುವ ನೆಸ್ಟೆಡ್ ಲೂಪ್ ಹಿಡಿದು, ಒಳಗಿನ ಹುಡುಕಾಟವನ್ನು ಆರು ಲಕ್ಷ ಸಲ ಮಾಡುತ್ತಿತ್ತು. ಇದಕ್ಕೆ ಎಷ್ಟು ರ‍್ಯಾಮ್ ಸುರಿದು ಏನು ಪ್ರಯೋಜನ?

ಮೀಟಿಂಗ್ ಮುಗಿದ ಮೇಲೆ ನಾನೂ ಅವಳೂ ಕೂತು ಆ ಟೇಬಲ್ ಮೇಲೆ, ಅಂಕಿಅಂಶ ಹೊಸದು ಮಾಡುವ ಅನಲೈಸ್ ಕಮಾಂಡ್ ಓಡಿಸಿದೆವು. ಪ್ಲಾನ್, ಒಂದು ಕಡೆಯ ಸಾಲುಗಳನ್ನು ಒಮ್ಮೆಗೇ ಪಟ್ಟಿ ಮಾಡಿಕೊಂಡು ಹೊಂದಿಸುವ ಹ್ಯಾಶ್ ಜಾಯಿನ್‌ಗೆ ತಿರುಗಿತು. ಕಾಫಿ ತರಲು ಹೋದ ಹುಡುಗ ವಾಪಸ್ ಬರುವಷ್ಟರಲ್ಲಿ ಕ್ವೆರಿ ಮುಗಿದಿತ್ತು. “ಅಷ್ಟೇನಾ ಸರ್?” ಅಂದಳು.

ಅಷ್ಟೇ. ಆದರೆ ನನಗೆ ಸಮಾಧಾನವಿಲ್ಲ. ನಮ್ಮ ಮೀಟಿಂಗುಗಳು ನಡೆಯುವುದು ಇಂಗ್ಲಿಷಿನಲ್ಲಿ. ಪಟಪಟ ಮಾತಾಡಬಲ್ಲವರು ಸರ್ವರ್ ಕೊಳ್ಳುವ ಮಾತಾಡುತ್ತಾರೆ. ಪ್ಲಾನನ್ನು ಸಾಲು ಸಾಲಾಗಿ ಓದಿದ ಮಂಡ್ಯ, ಪಾಂಡವಪುರದ ಕಡೆಯ ಮಕ್ಕಳು ಒಂದು ಸಲ ಕೇಳಿ, ಉತ್ತರ ಸಿಗದಿದ್ದರೆ ಸುಮ್ಮನಾಗುತ್ತಾರೆ. ಹೀಗೆ ನುಂಗಿಕೊಂಡ ಪ್ರಶ್ನೆಗಳು ಇನ್ನೆಷ್ಟಿವೆಯೋ ಎಂದು ನೆನೆದರೆ ಸಂಕಟವಾಗುತ್ತದೆ.

ಗುರುವಾರದ ವರದಿಯಲ್ಲಿ ‘ತಂಡ ಪತ್ತೆಹಚ್ಚಿತು’ ಎಂದಿತ್ತು. ‘ತಂಡ’ ತೆಗೆದು ಅವಳ ಹೆಸರು ಹಾಕಿ ಕಳಿಸಿದೆ. ಲೀಡ್ ಓದಿ ಒಪ್ಪಿದರು. ಆ ಶೇ. 10ರ ಮಿತಿ ಇಳಿಸುವ, ಪ್ರತಿ ಲೋಡ್ ಆದಮೇಲೆ ಅನಲೈಸ್ ಸೇರಿಸುವ ಕೆಲಸವನ್ನೂ ಅವಳಿಗೇ ಕೊಟ್ಟಿದ್ದಾರೆ.