ಆ ಕಾರಿನ ಮಲ್ಲಿಗೆ ವಾಸನೆ

ಬಾಗಿಲು ತೆಗೆದ ಕೂಡಲೇ ಮಲ್ಲಿಗೆ ವಾಸನೆ ಬಂತು. ಹೂವಿನದಲ್ಲ, ಪುಟ್ಟ ಡಬ್ಬಿಯಲ್ಲಿ ಬರುತ್ತಲ್ಲ, ಆ ಜೆಲ್ಲಿನದು. ಡ್ಯಾಶ್‌ಬೋರ್ಡ್ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಸೀಟಿಗೆ ಹೊಸ ಕವರ್, ಕಾಲ ಕೆಳಗೆ ಹೊಸ ಮ್ಯಾಟ್.

"ಮೇಡಂ, ಸಿಂಗಲ್ ಓನರ್ ಗಾಡಿ. ಒಳಗೆಲ್ಲ ಕ್ಲೀನ್ ಮಾಡಿಸಿದೀವಿ, ಹೊಸ ಗಾಡಿ ತರ ಇದೆ ನೋಡಿ" ಎಂದ ಅಲ್ಲಿದ್ದ ಹುಡುಗ. ನನಗೂ ಹಾಗೇ ಅನ್ನಿಸಿತು. ಮನಸ್ಸಿಗೆ ಖುಷಿಯೇ ಆಯಿತು.

ನಾವು ಕಾರು ಹುಡುಕಲು ಹೊರಟಿದ್ದೇ ಮಗಳ ಉಸಿರಿಗಾಗಿ. ಅವಳಿಗೆ ಎಂಟು ವರ್ಷ, ನಾಲ್ಕನೇ ವರ್ಷದಿಂದ ಆಸ್ತಮಾ ಇದೆ. ಶಾಲೆ ಮನೆಯಿಂದ ಒಂಬತ್ತು ಕಿಲೋಮೀಟರ್. ಸ್ಕೂಟರಿನಲ್ಲಿ ಮುಂದೆ ನಿಲ್ಲಿಸಿಕೊಂಡು ಹೋದರೆ ಬಸ್ಸಿನ ಹೊಗೆ, ಅಗೆದ ರಸ್ತೆಯ ಧೂಳು ಎಲ್ಲ ಅವಳ ಮುಖಕ್ಕೇ. ಬೆಂಗಳೂರಿನಲ್ಲಿ ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಇಲ್ಲಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ವರ್ಷಗಟ್ಟಲೆ ಇಟ್ಟ ಲೆಕ್ಕದಲ್ಲಿ, ನೋಡಿದ ಮಕ್ಕಳ ಪೈಕಿ ಆಸ್ತಮಾ ಇದ್ದವರು 1979ರಲ್ಲಿ ಶೇ. 9, 1999ರಲ್ಲಿ ಶೇ. 29.5. ಇದನ್ನು ಓದಿದ ದಿನ ನಾನು ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಹೊಸ ಕಾರಿಗೆ ನಮ್ಮ ಕೈ ಎಟುಕುವುದಿಲ್ಲ. ನಾಲ್ಕು ಲಕ್ಷದೊಳಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು, ಅಷ್ಟೇ ಆಸೆ. ನವೆಂಬರಿನ ಒಂದು ಭಾನುವಾರ ಇದನ್ನು ನೋಡಿದೆವು. ನಮ್ಮವರು ಎಂಜಿನ್ ಸದ್ದು ಕೇಳಿದರು, ಟಯರ್ ಸವೆದಿದೆಯಾ ನೋಡಿದರು, ಆರ್‌ಸಿ, ಇನ್ಶೂರೆನ್ಸ್ ಎಲ್ಲ ತಿರುವಿ ಹಾಕಿದರು. ನನ್ನ ತಮ್ಮ ಬಾನೆಟ್ಟಿನೊಳಗೆ ತಲೆ ಹಾಕಿದ. ಒಳಗಿನ ಗಾಳಿ ಹೇಗಿದೆ ಅಂತ ಒಬ್ಬರೂ ಯೋಚಿಸಲಿಲ್ಲ. ಹತ್ತು ಸಾವಿರ ಟೋಕನ್ ಕೊಟ್ಟೆವು. "ಒಂದು ದೂರದ ರೌಂಡ್ ಹೋಗಿ ಬರೋಣ, ಆಮೇಲೆ ಬಾಕಿ ದುಡ್ಡು" ಎಂದರು ನಮ್ಮವರು. ಅಂಗಡಿಯ ಹುಡುಗ ಮುಂದೆ ಕೂತ. ನಾನೂ ಮಗಳೂ ಹಿಂದೆ.

ತುಮಕೂರು ರಸ್ತೆ ಹಿಡಿದೆವು. ಲಾರಿಗಳ ಹೊಗೆ ಅಂತ ಕಿಟಕಿ ಏರಿಸಿ ಎಸಿ ಹಾಕಿದರು. ಎಸಿ ಶುರುವಾದಾಗ ಮಲ್ಲಿಗೆಯ ಅಡಿಯಿಂದ ಇನ್ನೊಂದು ವಾಸನೆ ಬಂದ ಹಾಗಾಯಿತು. ಮಳೆಗಾಲದಲ್ಲಿ ಒಣಗದ ಬಟ್ಟೆಯ ಮುಗ್ಗಲು ವಾಸನೆ. ಒಂದು ಗಳಿಗೆ ಅಷ್ಟೇ, ಮತ್ತೆ ಮಲ್ಲಿಗೆಯೇ. ನನಗೆ ನಾಲ್ಕು ಸೀನು ಬಂತು. ನನಗೂ ಅಲರ್ಜಿ ಇದೆ, ಸೀನು ನನಗೆ ಹೊಸದಲ್ಲ. ಆದ್ದರಿಂದ ಗಮನ ಕೊಡಲಿಲ್ಲ.

ನೆಲಮಂಗಲದ ಟೋಲ್ ಹತ್ತಿರವಾಗುವ ಹೊತ್ತಿಗೆ ಮಗಳು ಕೆಮ್ಮತೊಡಗಿದಳು. ಒಣ ಕೆಮ್ಮು, ಒಂದರ ಹಿಂದೆ ಒಂದು. ಮಾತು ನಿಲ್ಲಿಸಿದಳು. ಆಸ್ತಮಾ ಇರುವ ಮಕ್ಕಳ ತಾಯಂದಿರಿಗೆ ಗೊತ್ತು, ಕೆಮ್ಮಿಗಿಂತ ಆ ಮೌನ ಜಾಸ್ತಿ ಹೆದರಿಸುತ್ತದೆ. ಭುಜ ಮೇಲೇರಿ ಇಳಿಯುತ್ತಿತ್ತು. ಬೆನ್ನಿಗೆ ಕಿವಿ ಇಟ್ಟರೆ ಸುಯ್ ಎನ್ನುವ ಸದ್ದು.

"ನಿಲ್ಲಿಸಿ, ನಿಲ್ಲಿಸಿ" ಎಂದು ಕೂಗಿದೆ. ರಸ್ತೆ ಪಕ್ಕದ ಹೊಂಗೆ ಮರದ ಕೆಳಗೆ ಇಳಿಸಿಕೊಂಡೆ. ಇನ್ಹೇಲರಿಗೆ ಸಿಕ್ಕಿಸುವ ಕೊಳವೆ, ಅಂದರೆ ಸ್ಪೇಸರ್ ಹಚ್ಚಿ, ಡಾಕ್ಟರ್ ಬರೆದುಕೊಟ್ಟ ಲೆಕ್ಕದಂತೆ ಉಸಿರು ಕಟ್ಟಿದಾಗ ಕೊಡುವ ನೀಲಿ ಇನ್ಹೇಲರ್ ಕೊಟ್ಟೆ. ಇಪ್ಪತ್ತು ನಿಮಿಷ ಬೇಕಾಯಿತು ಅವಳು ಸರಿಯಾಗಿ ಒಂದು ವಾಕ್ಯ ಆಡಲು. "ಅಮ್ಮ, ಆ ಕಾರಲ್ಲಿ ವಾಪಸ್ ಬೇಡ" ಎಂದಳು. ನಾವಿಬ್ಬರೂ ಆಟೋ ಹಿಡಿದು ಮನೆಗೆ ಬಂದೆವು.

ಮಾರನೇ ದಿನ ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ತೊಂದರೆ ಎರಡು ತರದ್ದು. ಧೂಳಿನ ನುಸಿ, ಬೂಷ್ಟು, ನಾಯಿ ಬೆಕ್ಕಿನ ಮೈಹೊಟ್ಟು, ಜಿರಲೆ, ಹೂವಿನ ಪರಾಗ, ಇವು ಅಲರ್ಜಿ ತರುವಂಥವು. ಯಾರ ದೇಹ ಅದನ್ನು ಶತ್ರು ಅಂತ ಗುರುತಿಟ್ಟುಕೊಂಡಿದೆಯೋ ಅವರಿಗೆ ಮಾತ್ರ ಕಾಟ. ಸೆಂಟು, ಸಿಗರೇಟಿನ ಹೊಗೆ, ಪಾಲಿಶ್, ಊದುಬತ್ತಿ, ಇವು ಕೆರಳಿಸುವಂಥವು. ಇದಕ್ಕೆ ಅಲರ್ಜಿಯೇ ಬೇಕಿಲ್ಲ. ಆಸ್ತಮಾ ಇರುವವರ ಶ್ವಾಸನಾಳ ಮೊದಲೇ ಊದಿಕೊಂಡು ಸೂಕ್ಷ್ಮವಾಗಿರುತ್ತದೆ, ಇಂಥದ್ದು ತಾಗಿದರೆ ಬಿಗಿದುಕೊಳ್ಳುತ್ತದೆ. "ಎರಡೂ ಒಟ್ಟಿಗೆ, ಮುಚ್ಚಿದ ಡಬ್ಬಿಯ ಹಾಗಿರೋ ಜಾಗದಲ್ಲಿ ಸಿಕ್ಕರೆ ಮಗು ಏನು ಮಾಡುತ್ತೆ?" ಎಂದರು.

ಅವರು ಹೇಳಿದ ಇನ್ನೊಂದು ಮಾತು ನನಗೆ ಚುಚ್ಚಿತು. "ಇನ್ನು ಮುಂದೆ ಕಾರು ನೋಡೋಕೆ ಮಗುನ ಕರ್ಕೊಂಡು ಹೋಗಬೇಡಿ. ಅವಳು ಪರೀಕ್ಷೆ ಮಾಡೋ ಯಂತ್ರ ಅಲ್ಲ."

ಆ ಸಂಜೆ ವಿಲ್ಸನ್ ಗಾರ್ಡನ್ನಿನ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ಕನ್ನು ಎಲ್ಲರೂ ಭಾಯ್ ಎನ್ನುತ್ತಾರೆ. ನಮ್ಮಪ್ಪನ ಕಾಲದಿಂದ ಪರಿಚಯ. ವಿಷಯ ಕೇಳಿದ ಮೇಲೆ ಒಂದು ಸ್ಕ್ರೂ ಡ್ರೈವರ್, ಟಾರ್ಚು ಹಿಡಿದು ನನ್ನ ಜೊತೆಗೇ ಬಂದರು. ಮಾರುವವರ ಮುಂದೆಯೇ ಗ್ಲೋವ್ ಬಾಕ್ಸ್ ಬಿಚ್ಚಿದರು. ಅದರ ಹಿಂದೆ ಎಸಿಯ ಕ್ಯಾಬಿನ್ ಫಿಲ್ಟರ್ ಇರುತ್ತದೆ. ನಾವು ಉಸಿರಾಡುವ ಗಾಳಿ ಅದರ ಮೂಲಕವೇ ಬರಬೇಕು. ನನಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ.

ಫಿಲ್ಟರ್ ಎಳೆದರು. ಅದು ಕಪ್ಪಾಗಿತ್ತು. ಒಂದು ಮೂಲೆಯನ್ನು ಏನೋ ಕಡಿದು ತೂತು ಮಾಡಿತ್ತು. ಆ ಸಂದಿಯಿಂದ ಹತ್ತಿ, ನಾರು, ಪೇಪರ್ ಚೂರು ಉದುರಿತು, ಜೊತೆಗೆ ಇಲಿ ಹಿಕ್ಕೆ. ಇಲಿ ಗೂಡು! ಭಾಯ್ ಟಾರ್ಚು ಒಳಗೆ ಬಿಟ್ಟು ತೋರಿಸಿದರು. ಎಸಿ ಗಾಳಿ ತಣ್ಣಗಾಗುವ ಕಾಯಿಲ್ ಮೇಲೆ ಹಸಿರು ಕಪ್ಪು ಬೂಷ್ಟು.

"ನೋಡಮ್ಮ, ಎಸಿ ಓಡಿದರೆ ಇಲ್ಲಿ ನೀರು ಕಟ್ಟುತ್ತೆ. ಫ್ರಿಜ್ಜಿಂದ ತೆಗೆದ ಬಾಟ್ಲಿ ಬೆವರುತ್ತಲ್ಲ, ಹಂಗೆ. ಆ ನೀರು ಒಂದು ಸಣ್ಣ ಪೈಪಲ್ಲಿ ಗಾಡಿ ಕೆಳಗೆ ತೊಟ್ಟಿಕ್ಕಬೇಕು. ಇದರಲ್ಲಿ ಪೈಪ್ ಕಟ್ಟಿಕೊಂಡಿದೆ. ನೀರು ಒಳಗೇ ನಿಂತಿದೆ. ಮ್ಯಾಟ್ ಎತ್ತು."

ಹೊಸ ಮ್ಯಾಟ್ ಎತ್ತಿದೆ. ಮುಂದಿನ ಎಡ ಸೀಟಿನ ಕೆಳಗೆ ಕಾರ್ಪೆಟ್ ಒದ್ದೆ. ಅಂಗೈ ಒತ್ತಿದರೆ ತಣ್ಣಗೆ ನೀರು ಬಂತು. ಮಲ್ಲಿಗೆ ಸೆಂಟು ಯಾಕೆ ಇಟ್ಟಿದ್ದರು ಅಂತ ಆಗ ಗೊತ್ತಾಯಿತು.

ಟೋಕನ್ ದುಡ್ಡು ವಾಪಸ್ ಬರಲಿಲ್ಲ. "ರಸೀದಿಯಲ್ಲಿ ಬರೆದಿದೆ ನೋಡಿ, ನಾನ್ ರಿಫಂಡಬಲ್" ಎಂದರು. ಮಗುವಿಗೆ ಹೀಗಾಯಿತು ಎಂದರೂ ಕೇಳಲಿಲ್ಲ. ನನಗೆ ಬಹಳ ಸಿಟ್ಟು ಬಂತು, ಅಳುವೂ ಬಂತು. ಹತ್ತು ಸಾವಿರ ನಮಗೆ ಸಣ್ಣ ಮೊತ್ತವಲ್ಲ. ಆಮೇಲೆ ನೋಡಿದ ಯಾವ ಕಾರಿಗೂ, "ಮೆಕ್ಯಾನಿಕ್ ನೋಡಿ ಒಪ್ಪದಿದ್ದರೆ ಮುಂಗಡ ಪೂರ್ತಿ ವಾಪಸ್" ಅಂತ ಬರೆಸಿಕೊಳ್ಳದೆ ಒಂದು ರೂಪಾಯಿಯನ್ನೂ ಮುಂಗಡ ಕೊಡಲಿಲ್ಲ.

ಮುಂದಿನ ಮೂರು ವಾರ ನಾನೊಬ್ಬಳೇ ಮೊದಲು ಹೋಗಿ ಕೂರುತ್ತಿದ್ದೆ. ನನ್ನ ಸೀನು ಇಷ್ಟು ವರ್ಷ ಬರೀ ಕಿರಿಕಿರಿಯಾಗಿತ್ತು, ಈಗ ಕೆಲಸಕ್ಕೆ ಬಂತು. ಫೋನಿನಲ್ಲೇ ಹೇಳಿಬಿಡುತ್ತಿದ್ದೆ, "ದಯವಿಟ್ಟು ವಾಟರ್ ವಾಶ್ ಮಾಡಿಸಬೇಡಿ, ಸೆಂಟು ಹಾಕಬೇಡಿ, ಇರೋ ಹಾಗೇ ತೋರಿಸಿ." ಕೆಲವರು ಇದಕ್ಕೇ ಫೋನ್ ಇಟ್ಟರು. ಹೋದ ಕಡೆ ಕಿಟಕಿ ಪೂರ್ತಿ ಮುಚ್ಚಿ ಎಸಿ ಇಲ್ಲದೆ ಹತ್ತು ನಿಮಿಷ ಕೂರುತ್ತಿದ್ದೆ. ಆಮೇಲೆ ಹೊರಗಿನ ಗಾಳಿ ಒಳಗೆ ಬಾರದ ಹಾಗೆ ಗುಂಡಿ ಒತ್ತಿ ಎಸಿ ಹಾಕಿ ಇನ್ನು ಹತ್ತು ನಿಮಿಷ. ಎಸಿಯ ಮೊದಲ ಗಾಳಿಯಲ್ಲೇ ಬೂಷ್ಟು ಸಿಕ್ಕಿಬೀಳುತ್ತದೆ. ಆ ಮೊದಲ ಉಸಿರಿಗೆ ಮೂಗು ಅಲ್ಲೇ ಇರಬೇಕು. ಸ್ವಲ್ಪ ಹೊತ್ತಾದರೆ ಮೂಗಿಗೆ ಅಭ್ಯಾಸವಾಗಿ ಏನೂ ಗೊತ್ತಾಗುವುದಿಲ್ಲ.

ಜಯನಗರದಲ್ಲಿ ಒಂದು ಕಾರು ಕನ್ನಡಿಯ ಹಾಗಿತ್ತು. ಮನೆಯವರು ಒಳ್ಳೆಯ ಜನ, ಕಾಫಿ ಕೊಟ್ಟರು. ಕೂತ ಐದನೇ ನಿಮಿಷಕ್ಕೆ ನನ್ನ ಕಣ್ಣು ತುರಿಸತೊಡಗಿತು. ಕೇಳಿದೆ, "ನಿಮ್ಮಲ್ಲಿ ಬೆಕ್ಕು ಇದೆಯಾ?" ಆ ಅಮ್ಮನ ಮುಖ ಸಣ್ಣಗಾಯಿತು. "ಇತ್ತು ಕಣಮ್ಮ, ತೀರಿಕೊಂಡು ಮೂರು ತಿಂಗಳಾಯ್ತು. ಡಾಕ್ಟರ ಹತ್ತಿರ ದಿನಾ ಇದರಲ್ಲೇ ಕರ್ಕೊಂಡು ಹೋಗ್ತಿದ್ವಿ." ಒಂದು ಕೂದಲೂ ಕಾಣದ ಹಾಗೆ ಅವರು ಕ್ಲೀನ್ ಮಾಡಿದ್ದರು, ಪಾಪ. ಆದರೆ ಅಲರ್ಜಿ ಬರುವುದು ಕೂದಲಿನಿಂದಲ್ಲ. ಬೆಕ್ಕು ಮೈ ನೆಕ್ಕಿಕೊಳ್ಳುವಾಗ ಅಂಟಿದ ಎಂಜಲು, ಚರ್ಮದ ಹೊಟ್ಟು ಒಣಗಿ ಪುಡಿಯಾಗಿ ಬಟ್ಟೆ, ಸ್ಪಂಜಿನಲ್ಲಿ ಕೂತಿರುತ್ತದೆ. ಬೆಕ್ಕು ಹೋದ ಮೇಲೂ ತಿಂಗಳುಗಟ್ಟಲೆ ಹೋಗುವುದಿಲ್ಲ. ಅವರ ದುಃಖದ ಮುಂದೆ ನಾನು ಇದನ್ನು ಹೇಳಲಿಲ್ಲ. "ಬಣ್ಣ ಇಷ್ಟವಾಗಲಿಲ್ಲ" ಎಂದು ಬಂದೆ.

ಇನ್ನೊಂದರಲ್ಲಿ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಒಳಗಿನ ಅರ್ಧ ಮಣ್ಣಿನ ಬಣ್ಣಕ್ಕಿತ್ತು. ಸ್ಟೆಪ್ನಿ ಎತ್ತಿದರೆ ಕೆಳಗೆ ಒಣಗಿದ ಕೆಸರು. ಇದನ್ನು ಭಾಯ್ ಹೇಳಿಕೊಟ್ಟಿದ್ದರು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಮನೆಗಳ ಮುಂದೆಯೇ ಕಾರುಗಳು ಮುಳುಗಿದ್ದವಲ್ಲ, ನೀರು ಹೊಕ್ಕ ಕಾರಿನ ಸ್ಪಂಜು ಹೊರಗೆ ಒಣಗಿದಂತೆ ಕಂಡರೂ ಒಳಗೆ ಬೂಷ್ಟು ಕಟ್ಟುತ್ತದೆ. ಸಿಗರೇಟಿನ ಕಾರೂ ಒಂದು ಸಿಕ್ಕಿತು. ಸೀಟ್ ಬದಲಾಯಿಸಿದ್ದರು, ಮೇಲ್ಚಾವಣಿಯ ಬಟ್ಟೆ ಮಾತ್ರ ಹಳದಿ. "ವಾಸನೆ ತಾನೆ, ಓಝೋನ್ ಮೆಷಿನ್ ಇಡಿಸಿ ಕೊಡ್ತೀವಿ" ಎಂದರು. ಓಝೋನ್ ಅನ್ನುವುದೇ ಶ್ವಾಸಕೋಶ ಕೆರಳಿಸುವ ಅನಿಲ. ಆಸ್ತಮಾ ಇರುವ ಮನೆಗೆ ಆ ಉಪಾಯ ಬೇಡವೇ ಬೇಡ.

ಕೊನೆಗೆ ಸಿಕ್ಕಿದ್ದು ತುಮಕೂರಿನಲ್ಲಿ. ನಿವೃತ್ತ ಮೇಷ್ಟ್ರ ಕಾರು. ನಾನು ಹೇಳಿದಂತೆಯೇ ತೊಳೆಸಿರಲಿಲ್ಲ. ಮೈಮೇಲೆ ಧೂಳು, ಡಿಕ್ಕಿ ತೆಗೆದರೆ ನುಸಿಗುಳಿಗೆಯ ವಾಸನೆ, ಬಾನೆಟ್ ಎತ್ತಿದರೆ ನಾಲ್ಕು ಮೂಲೆಗೂ ಕಟ್ಟಿದ ಹೊಗೆಸೊಪ್ಪು.

"ಇಲಿ ಕಾಟಕ್ಕಮ್ಮ. ನಮ್ಮೂರಲ್ಲಿ ಎಲ್ಲರೂ ಹಿಂಗೇ ಮಾಡೋದು" ಎಂದರು.

ನಾನು ಮಗಳ ವಿಷಯ ಪೂರ್ತಿ ಹೇಳಿದೆ. ಅವರು ಕುರ್ಚಿ ಎಳೆದು ಕೂತು ಕೇಳಿದರು. ಆಮೇಲೆ ತಾವೇ ಎದ್ದು ಹೊಗೆಸೊಪ್ಪು ಬಿಚ್ಚಿ ತೆಗೆದರು, ಡಿಕ್ಕಿಯ ಮೂಲೆಯಿಂದ ಗುಳಿಗೆಗಳನ್ನು ಒಂದೊಂದಾಗಿ ಆರಿಸಿದರು. ನುಸಿಗುಳಿಗೆ ಎಂದರೆ ನಾವು ಬಟ್ಟೆ ಪೆಟ್ಟಿಗೆಯ ನೆನಪಿನಲ್ಲಿ ಸಲೀಸಾಗಿ ತೆಗೆದುಕೊಳ್ಳುತ್ತೇವೆ. ಅದರ ಆವಿ ಮೂಗು, ಗಂಟಲು ಕೆರಳಿಸುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಲ್ಲಿ ರಕ್ತದ ಕೆಂಪು ಕಣಗಳನ್ನೇ ಒಡೆಯಬಲ್ಲದು. ಮುಚ್ಚಿದ ಕಾರಿಗೆ ಅದು ಹೇಳಿದ್ದಲ್ಲ.

ಮೇಷ್ಟ್ರ ಶೆಡ್ಡಿನ ಸುತ್ತ ಕಾಂಗ್ರೆಸ್ ಗಿಡ ಸೊಂಟದೆತ್ತರ ಬೆಳೆದು ಬಿಳಿ ಹೂ ಬಿಟ್ಟಿತ್ತು. ನನ್ನ ಜೊತೆ ಬಂದಿದ್ದ ಭಾಯ್ ಅದನ್ನು ನೋಡಿ ನೇರ ಮುಂದಿನ ಗಾಜಿನ ಬುಡಕ್ಕೆ ಹೋದರು. ವೈಪರ್ ಕೆಳಗಿನ ಕಪ್ಪು ಜಾಲರಿಯಿಂದಲೇ ಹೊರಗಿನ ಗಾಳಿ ಕಾರಿನೊಳಗೆ ಹೋಗುವುದು. ಅದನ್ನು ಬಿಚ್ಚಿದಾಗ ಒಣ ಎಲೆ, ಕಾಂಗ್ರೆಸ್ ಹೂವಿನ ಪುಡಿ ಎರಡು ಬೊಗಸೆ ಬಂತು. ಆದರೆ ಕಾರ್ಪೆಟ್ ಒಣಗಿತ್ತು. ನಾನು ಇಪ್ಪತ್ತು ನಿಮಿಷ ಕೂತೆ. ಎರಡು ಸೀನು, ಅಷ್ಟೇ. ಕಣ್ಣು ತುರಿಸಲಿಲ್ಲ. ಕಾರಿನ ಕೆಳಗೆ ಬಗ್ಗಿ ನೋಡಿದೆ, ಎಸಿ ನೀರು ಟಪ್ ಟಪ್ ಎಂದು ಬೀಳುತ್ತಿತ್ತು.

ಗುಪ್ತವಾಗಿ ಏನೂ ಇಟ್ಟಿಲ್ಲದ ಕಾರು ಅದು. ಕೊಳೆ ಎಲ್ಲ ಕಣ್ಣಿಗೆ ಕಾಣುತ್ತಿತ್ತು. ಕಾಣುವ ಕೊಳೆಯನ್ನು ತೆಗೆಯಬಹುದು. ತೊಗೊಂಡೆವು.

ಮಗಳನ್ನು ಹತ್ತಿಸುವ ಮುಂಚೆ ಒಂದು ವಾರ ಕೆಲಸ ಮಾಡಿಸಿದೆವು. ಜೆ.ಸಿ. ರಸ್ತೆಯಿಂದ ಹೊಸ ಫಿಲ್ಟರ್ ತಂದೆವು. ಎಸಿ ಕಾಯಿಲ್ ತೊಳೆಸಿದೆವು. ಬಟ್ಟೆಯ ಸೀಟ್ ಕವರ್ ತೆಗೆದು ಒರೆಸಲು ಬರುವಂಥದ್ದು ಹಾಕಿಸಿದೆವು. ಇಲಿ ನುಗ್ಗದ ಹಾಗೆ ಗಾಳಿ ಹೋಗುವ ಬಾಯಿಗೆ ಭಾಯ್ ಸಣ್ಣ ಕಣ್ಣಿನ ತಂತಿ ಜಾಲರಿ ಕೂರಿಸಿದರು. ಸಾಬೂನು ನೀರು ಬಿಟ್ಟು ಬೇರೆ ಏನೂ ಬಳಸಬೇಡಿ ಅಂತ ನಾನು ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ಮೂರು ದಿನ ಬಾಗಿಲು ತೆರೆದು ಬಿಸಿಲಿಗೆ ಬಿಟ್ಟೆವು. ಮೊದಲ ಸವಾರಿ ಮನೆಯಿಂದ ಮೂಲೆ ಅಂಗಡಿಯವರೆಗೆ, ಕಿಟಕಿ ತೆರೆದು, ಇನ್ಹೇಲರ್ ನನ್ನ ಕೈಯಲ್ಲಿ. ಏನೂ ಆಗಲಿಲ್ಲ. ಮರುದಿನ ಶಾಲೆಯವರೆಗೆ.

ಅವಳ ಕೆಮ್ಮು ಪೂರ್ತಿ ಹೋಗಿಲ್ಲ. ಆಸ್ತಮಾ ಕಾರಿನಿಂದ ಬಂದದ್ದಲ್ಲ, ಕಾರಿನಿಂದ ಹೋಗುವುದೂ ಇಲ್ಲ. ದಿನಾ ತೆಗೆದುಕೊಳ್ಳುವ ಇನ್ಹೇಲರ್ ಹಾಗೇ ನಡೆದಿದೆ. ಮನೆ ಇನ್ನು ಎರಡು ನಿಮಿಷ ಇರುವಾಗ ಎಸಿ ಆರಿಸಿ ಬರೀ ಫ್ಯಾನ್ ಓಡಿಸುತ್ತೇವೆ, ಒಳಗಿನ ತೇವ ಆರಲಿ ಅಂತ. ಇದು ಭಾಯ್ ಕಲಿಸಿದ ಅಭ್ಯಾಸ.

ಮೊನ್ನೆ ಶಾಲೆಯ ಗೇಟಿನ ಮುಂದೆ ಕಾರು ನಿಲ್ಲಿಸಿದೆ. ಮಗಳು ಬ್ಯಾಗ್ ಹೆಗಲಿಗೆ ಹಾಕಿಕೊಂಡವಳು ತಟ್ಟನೆ ಬಗ್ಗಿ ಕಾರಿನ ಕೆಳಗೆ ನೋಡಿದಳು. ಎದ್ದು ನಿಂತು, "ಅಮ್ಮ, ನೀರು ಬೀಳ್ತಿದೆ" ಎಂದು ಹೇಳಿ, ಗೆಳತಿಯ ಹಿಂದೆ ಒಳಗೆ ಓಡಿದಳು.