ಪೇಟಿ ಮಾಸ್ತರು, ವಾಗ್ನರ್ ಮತ್ತ ಒಂದು ಹೊಸ್ತಿಲು

ನಿನ್ನಿ ರಾತ್ರಿ ಮಾಳಿಗಿ ಮ್ಯಾಲ ಅಡ್ಡಾಗಿ ಜರ್ಮನ್ ಸಂಗೀತ ರಚನೆಕಾರ ವಾಗ್ನರನ 'ಟ್ರಿಸ್ಟಾನ್' ಅನ್ನೋ ಒಪೆರಾದ, ಅಂದ್ರ ಹಾಡಿನ ನಾಟಕದ, ಆರಂಭದ ಸಂಗೀತ ಕೇಳಿದೆ. ಕಲಬುರಗಿ ಬ್ಯಾಸಗಿ, ಹತ್ತು ಹೊಡದ್ರೂ ಶಹಾಬಾದ್ ಕಲ್ಲಿನ ಬಿಸಿ ಆರಿರಲಿಲ್ಲ. ಆ ಮೊದಲ ಸ್ವರಗಳಿಗೆ ಈಗಲೂ ಎದಿ ಝಲ್ ಅಂತದ.

ಇದೇ ಮನುಷ್ಯ 1850ರಾಗ ಬ್ಯಾರೆ ಹೆಸರಿನ್ಯಾಗ ಯಹೂದಿ ಸಂಗೀತಗಾರರನ್ನ ಹೀಗಳೆದು ಲೇಖನ ಬರದ. 1869ರಾಗ ಸ್ವಂತ ಹೆಸರು ಹಾಕಿ ಮತ್ತ ಅಚ್ಚು ಮಾಡಿಸಿದ. ಹತ್ತೊಂಬತ್ತು ವರ್ಷ! 'ಆ ಕಾಲದಾಗ ಎಲ್ಲಾರೂ ಹಂಗೇ ಇದ್ರು' ಅನ್ನೋ ಮಾತು ನಾ ಒಪ್ಪಂಗಿಲ್ಲ. ಅವನ ಸಂಗೀತ ಎತ್ತಿ ಹಿಡದವರೊಳಗ ಯಹೂದಿಗಳೂ ಇದ್ರು: 1882ರಾಗ ಅವನ 'ಪಾರ್ಸಿಫಾಲ್' ಒಪೆರಾದ ಮೊದಲ ಪ್ರಯೋಗಕ್ಕ ವಾದ್ಯವೃಂದ ನಡೆಸಿದ ಹರ್ಮನ್ ಲೆವಿ ಯಹೂದಿ ಧರ್ಮಗುರುವಿನ ಮಗ.

ನನಗ ನಮ್ಮ ಪೇಟಿ (ಹಾರ್ಮೋನಿಯಂ) ಮಾಸ್ತರು ನೆನಪಾದ್ರು. ಅವರು ಭೈರವಿ ಬಾರಿಸಿದ್ರ ಓಣಿ ಮಂದಿ ನಿಂತು ಕೇಳ್ತಿದ್ರು. ನನ್ನ ಗೆಳೆಯನ್ನ ಮಾತ್ರ ಜಾತಿ ಕಾರಣಕ್ಕ ಹೊಸ್ತಿಲ ಹೊರಗ ಕೂಡಿಸ್ತಿದ್ರು. ಅವನ ದನಿ ನನಗಿಂತ ಶುದ್ಧ ಇತ್ತು. ಪೇಟಿ ಮುಟ್ಟಾಕ ಬಿಡಲಿಲ್ಲ, ಅವ ಬರೇ ಕೇಳಿ ಕಲ್ತ. ನಾ ಒಳಗ ಕುಂತು ಸುಮ್ನಿದ್ದೆ.

ಇವತ್ತಿಗೂ ನನ್ನ ಬೆರಳಾಗ ಇರೋದು ಆ ಮಾಸ್ತರು ಕಲಿಸಿದ ಭೈರವಿನೇ. ಅದನ್ನ ಬಿಡಲಾರೆ. ಆದ್ರ ಯಾರಾದ್ರೂ 'ಭಾಳ ದೊಡ್ಡ ಮನುಷ್ಯರು' ಅಂದ್ರ ಆ ಹೊಸ್ತಿಲ ಸುದ್ದಿನೂ ಹೇಳ್ತೀನಿ. 2001ರಾಗ ವಾದ್ಯವೃಂದ ನಡೆಸೋ ಯಹೂದಿ ಸಂಗೀತಗಾರ ಡ್ಯಾನಿಯಲ್ ಬ್ಯಾರೆನ್‌ಬಾಯ್ಮ್ ಜೆರುಸಲೇಮಿನ್ಯಾಗ ಇಸ್ರೇಲಿ ಕೇಳುಗರ ಮುಂದ ಇದೇ ಟ್ರಿಸ್ಟಾನ್ ಸಂಗೀತ ನುಡಿಸಿದಾಗ ಕೆಲವರು ಸಿಟ್ಟಿಲೆ ಎದ್ದು ಹೋದ್ರು. ಅವರ ಸಿಟ್ಟು ನನಗ ತಿಳೀತದ. ಕ್ಷಮಿಸೋದು, ಬಿಡೋದು ಹೊರಗ ಕುಂತವರ ಹಕ್ಕು.

ಗೆಳೆಯ ಈಗ ಯಾದಗಿರಿಯಾಗ ಇದ್ದಾನ. ಇವತ್ತ ಸಂಜಿಗೆ ಫೋನ್ ಹಚ್ಚತೀನಿ.