ಹಲಸಿನ ಮರದ ಕಟ್ಟುವ ಆಟಿಕೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಮರಗೆಲಸದ ಶೆಡ್ಡಿನಲ್ಲಿ ಅಂಗನವಾಡಿ ಮಕ್ಕಳಿಗಾಗಿ ಕಟ್ಟುವ ಆಟಿಕೆಗಳನ್ನು ಮಾಡಿಸುತ್ತಿರುವ ನನ್ನನ್ನು, ಇವು ಗಂಡುಮಕ್ಕಳಿಗೋ ಹೆಣ್ಣುಮಕ್ಕಳಿಗೋ ಎಂದು ಕೇಳುವವರಿದ್ದಾರೆ. ಇಬ್ಬರಿಗೂ ಎಂದರೆ, ಹಾಗಾದರೆ ಬಣ್ಣ ಯಾವುದು ಎಂಬ ಪ್ರಶ್ನೆ ಬರುತ್ತದೆ. ಗುಲಾಬಿಯನ್ನೂ ನೀಲಿಯನ್ನೂ ಬಿಟ್ಟರೆ ಸಾಕು ಎಂದು ಹಲವರು ನಂಬಿದ್ದಾರೆ. ನನ್ನ ದೃಷ್ಟಿಯಲ್ಲಿ ಭೇದ ಹುಟ್ಟುವುದು ಪೆಟ್ಟಿಗೆಯೊಳಗೆ ಮೊದಲೇ ತುಂಬಿಟ್ಟ ಕಥೆಯಿಂದ. ಪ್ಲಾಸ್ಟಿಕ್ ಇಟ್ಟಿಗೆಗಳ ಆಟಿಕೆ ಮಾಡುವ ಲೆಗೊ ಸಂಸ್ಥೆ 2012ರಲ್ಲಿ ಹುಡುಗಿಯರಿಗೆಂದು ‘ಫ್ರೆಂಡ್ಸ್’ ಸರಣಿಯನ್ನು ತಂದಾಗ ಇಟ್ಟಿಗೆಗಳ ಜೋಡಣೆಯ ಕ್ರಮ ಹಳೆಯದೇ ಆಗಿತ್ತು. ಬೇರೆಯಾಗಿದ್ದದ್ದು ಬಣ್ಣಗಳು, ಗೊಂಬೆಗಳು ಮತ್ತು ಅವುಗಳಿಗೆ ಹೆಣೆದ ಕಥೆ.

ನಮ್ಮ ಮಕ್ಕಳು ಕಟ್ಟುವ ಕೆಲಸವನ್ನು ಮೊದಲು ಕಾಣುವುದು ಚಪ್ಪರದಲ್ಲಿ. ಮದುವೆಯಿರಲಿ, ಭೂತಕೋಲವಿರಲಿ, ಅಂಗಳದಲ್ಲಿ ಅಡಿಕೆ ಮರದ ಕಂಬಗಳು ಏಳುತ್ತವೆ, ಹೆಣೆದ ತೆಂಗಿನ ಮಡಲು ಮೇಲೇರುತ್ತದೆ. ದೊಡ್ಡವರಲ್ಲಿ ಕಂಬ ಹುಗಿಯುವವರು ಸಾಮಾನ್ಯವಾಗಿ ಗಂಡಸರು, ಮಡಲು ಹೆಣೆಯುವವರು ಹೆಚ್ಚಾಗಿ ಹೆಂಗಸರು. ನಮ್ಮ ಪೆಟ್ಟಿಗೆಯಲ್ಲಿ ಕಂಬ, ಹಲಗೆ, ಅಡಿಕೆ ಹಾಳೆಯ ಚಪ್ಪಟೆ ತುಂಡುಗಳು ಎಲ್ಲವೂ ಒಟ್ಟಿಗೇ ಇರುವುದರಿಂದ, ಯಾವ ಕೆಲಸ ಯಾರದು ಎಂಬ ಸೂಚನೆ ಅದರಲ್ಲಿಲ್ಲ.

ಅಳತೆಯನ್ನು ನ್ಯೂಯಾರ್ಕಿನ ಶಿಕ್ಷಕಿ ಕ್ಯಾರೊಲಿನ್ ಪ್ರಾಟ್ ಅವರು ಶತಮಾನದ ಹಿಂದೆ ರೂಢಿಗೆ ತಂದ 1:2:4ರ ಅನುಪಾತದಿಂದ ಪಡೆದಿದ್ದೇನೆ. ದಪ್ಪ 35, ಅಗಲ 70, ಉದ್ದ 140 ಮಿ.ಮೀ. ಇರುವ ತುಂಡು ಹಲಸಿನದಾದರೆ ಸುಮಾರು 200 ಗ್ರಾಂ ತೂಗುತ್ತದೆ; ಮೂರು ವರ್ಷದ ಮಗುವಿಗೆ ಅದು ಭಾರವಲ್ಲ, ಗೋಪುರ ನಿಲ್ಲುವುದಕ್ಕೆ ಬೇಕಾದ ತೂಕವೂ ಅದರಲ್ಲಿದೆ.

ಮರದ ಆಯ್ಕೆಗೆ ಹೆಚ್ಚು ಯೋಚಿಸಬೇಕಾಯಿತು. ಇಲ್ಲಿ ಧಾರಾಳವಾಗಿ ಸಿಗುವುದು ರಬ್ಬರ್ ಮರ. ಹಾಲು ಕಡಿಮೆಯಾಗಿ, ಸುಮಾರು 25–30 ವರ್ಷಕ್ಕೆ ಹೇಗೂ ಕಡಿಯುವ ಮರವಾದ್ದರಿಂದ ಪರಿಸರದ ಲೆಕ್ಕದಲ್ಲಿ ಅದು ಒಳ್ಳೆಯದೇ. ಆದರೆ ಕಡಿದ ಕೆಲವೇ ದಿನಗಳಲ್ಲಿ ಬೂಷ್ಟು ಮತ್ತು ಹುಳ ಹಿಡಿಯುವುದರಿಂದ ಅದಕ್ಕೆ ಸಾಮಾನ್ಯವಾಗಿ ಬೋರಾನ್ ಸಂಯುಕ್ತಗಳ ಉಪಚಾರ ಬೇಕಾಗುತ್ತದೆ, ಎಳೆಯ ಮಕ್ಕಳಾದರೋ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡ ಜಿಲ್ಲೆಯಲ್ಲಿ, ಸ್ವಲ್ಪವಾದರೆ ಅಪಾಯವಿಲ್ಲ ಎಂದು ತಾಯಂದಿರಿಗೆ ಹೇಳುವ ಧೈರ್ಯ ನನಗಿಲ್ಲ. ಆದ್ದರಿಂದ ಸಹಜವಾಗಿಯೇ ಗೆದ್ದಲನ್ನು ತಕ್ಕಮಟ್ಟಿಗೆ ತಡೆಯುವ ಹಲಸಿನ ಮರವನ್ನು, ಅದರಲ್ಲೂ ಪೀಠೋಪಕರಣದ ಕೆಲಸದಲ್ಲಿ ಉಳಿಯುವ ತುಂಡುಗಳನ್ನು ಆರಿಸಿಕೊಂಡೆವು. ಹಳೆಯ ಮನೆ ಕೆಡವಿದಾಗ ಸಿಗುವ ತೊಲೆಗಳೂ ಒಳ್ಳೆಯವೇ. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿರುವುದರಿಂದ ಬಣ್ಣ ಬಳಿದ ಮರವನ್ನು ಮಾತ್ರ ಮುಟ್ಟುವುದಿಲ್ಲ.

ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಈ ಊರಿನಲ್ಲಿ ಬಿಗಿಯಾದ ಗೂಟ–ತೂತಿನ ಜೋಡಣೆ ಮಳೆಗಾಲದ ಆಟಿ ತಿಂಗಳಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಹಾಗಾಗಿ ನಮ್ಮ ತುಂಡುಗಳು ಒಂದರ ಮೇಲೊಂದು ಬರಿದೇ ಕೂರುತ್ತವೆ. ಒಂದು ಕಳೆದುಹೋದರೆ ಊರಿನ ಯಾವ ಆಚಾರಿಯಾದರೂ ಅದೇ ಅಳತೆಗೆ ಇನ್ನೊಂದನ್ನು ಕತ್ತರಿಸಿಕೊಡಬಲ್ಲರು. ನೂರಾರು ವರ್ಷ ಕೊಳೆಯದ ಪ್ಲಾಸ್ಟಿಕ್ಕಿಗಿಂತ ಈ ದುರಸ್ತಿಯ ಸೌಲಭ್ಯವೇ ನನಗೆ ನಿಜವಾದ ಬಾಳಿಕೆಯಾಗಿ ಕಾಣುತ್ತದೆ.

ಬಣ್ಣದ ಪ್ರಶ್ನೆಯನ್ನು ಒಂದು ಮಟ್ಟಿಗೆ ಅರಗು ಬಗೆಹರಿಸಿತು. ಚನ್ನಪಟ್ಟಣದ ಕ್ರಮದಲ್ಲಿ ಅರಗು ಲೇತಿನ ಮೇಲೆ ತಿರುಗುವ ಮರಕ್ಕೆ ಘರ್ಷಣೆಯ ಬಿಸಿಯಿಂದ ಕರಗಿ ಹತ್ತುತ್ತದೆ, ಚೌಕದ ತುಂಡಿಗೆ ಅದು ಸಾಧ್ಯವಿಲ್ಲ. ಹೀಗಾಗಿ ಇಟ್ಟಿಗೆಗಳು ಹಲಸಿನ ಹಳದಿಯಲ್ಲೇ ಉಳಿದು, ಕಂಬಗಳು ಮತ್ತು ದುಂಡು ಬಿಲ್ಲೆಗಳಷ್ಟೇ ಬಣ್ಣ ಪಡೆದವು. ಬಿಲ್ಲೆಗಳ ವ್ಯಾಸ 50 ಮಿ.ಮೀ. ಮೂರು ವರ್ಷದೊಳಗಿನವರ ಗಂಟಲಿಗೆ ಸಿಕ್ಕದಂತೆ ಪರೀಕ್ಷಿಸಲು ಬಳಸುವ ಕೊಳವೆಯ ವ್ಯಾಸ 31.7 ಮಿ.ಮೀ. ಆಗಿದ್ದು, ಅಂಗನವಾಡಿಗೆ ಮಕ್ಕಳ ತಮ್ಮಂದಿರೂ ತಂಗಿಯರೂ ಜೊತೆಗೆ ಬರುವುದರಿಂದ ಈ ಎಚ್ಚರ ಬೇಕೇಬೇಕು.

ಆ ಬಿಲ್ಲೆಗಳ ನಡುವೆ ತೂತು ಕೊರೆಯಬೇಕೆಂದು ಆಚಾರಿಯವರ ವಾದ. ತೂತಿದ್ದರೆ ಚಕ್ರವಾಗುತ್ತದೆ, ಬೇಗ ಮಾರಾಟವಾಗುತ್ತದೆ. ತೂತು ಬಿದ್ದ ಕೂಡಲೇ ಅದು ಬಂಡಿಯೊಂದೇ ಆಗುತ್ತದೆ, ದೋಸೆಕಲ್ಲೋ ಬಾವಿಯ ಮುಚ್ಚಳವೋ ಆಗುವುದಿಲ್ಲ ಎಂಬುದು ನನ್ನ ತಕರಾರು. ಸದ್ಯಕ್ಕೆ ತೂತಿಲ್ಲದ ಬಿಲ್ಲೆಗಳೇ ಪೆಟ್ಟಿಗೆಗೆ ಹೋಗುತ್ತಿವೆ.